ಹಸು ಗಬ್ಬ ನಿಲ್ಲಬೇಕೆ? ವೀರ್ಯಾಣುವಿನ ಸಕ್ಕರೆ ಹೊದಿಕೆ ಕಾಪಾಡಿ

ಮದ್ದೂರಿನ ಹತ್ತಿರದ ಹಳ್ಳಿಯ ಕೊಟ್ಟಿಗೆಯೊಂದರಲ್ಲಿ ಅಜ್ಜಿಯೊಬ್ಬರು ನನ್ನನ್ನು ಕೇಳಿದರು: ‘ಮೂರು ಸಲ ಸೂಜಿ ಹಾಕ್ಸಿದ್ದಾಯ್ತು ಕಣಪ್ಪಾ, ಹಸ ಇನ್ನೂವೆ ನಿಂತಿಲ್ಲ. ಹೋರಿದು ತಪ್ಪೋ, ಹಸಿಂದು ತಪ್ಪೋ?’ ಸೂಜಿ ಎಂದರೆ ಇಲ್ಲಿ ಕೃತಕ ಗರ್ಭಧಾರಣೆ. ಎಷ್ಟೋ ಸಲ ಎರಡರದ್ದೂ ತಪ್ಪಿರುವುದಿಲ್ಲ. ಹೋರಿಯ ವೀರ್ಯವನ್ನು ಹೆಪ್ಪುಗಟ್ಟಿಸಿ ತುಂಬಿಟ್ಟ ಸಣ್ಣ ನಳಿಕೆಯೊಳಗಿನ ವೀರ್ಯಾಣುವನ್ನು ನಾವು ನಡೆಸಿಕೊಂಡ ರೀತಿಯಲ್ಲಿ, ಆರಿಸಿದ ಹೊತ್ತಿನಲ್ಲಿ ತಪ್ಪಿರುತ್ತದೆ.

ದೇಶದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯತ್ನ ನಡೆದದ್ದು ನಮ್ಮ ಮೈಸೂರಿನಲ್ಲೇ. 1939ರಲ್ಲಿ ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಹಾಕಿ ಗಬ್ಬ ನಿಲ್ಲಿಸಿದರು. ಇಂದು ಮಂಡ್ಯದ ಹಾಲಿನ ಡೈರಿಗಳಿಗೆ ಬರುವ ಹಾಲಿನ ಹಿಂದೆ ಇದೇ ವಿದ್ಯೆ ಇದೆ. ಆದರೂ ಪ್ರತಿ ಹೆಜ್ಜೆಯನ್ನು ಯಾಕೆ ಹಾಗೆಯೇ ಮಾಡಬೇಕು ಎಂದು ರೈತರಿಗೆ ಬಿಡಿಸಿ ಹೇಳುವವರು ಕಡಿಮೆ. ಅದಕ್ಕೆ ಮೊದಲು ಹೊದಿಕೆಯ ಕಥೆ ಗೊತ್ತಿರಬೇಕು.

ಹೊದಿಕೆ ಎಲ್ಲಿಂದ ಬರುತ್ತದೆ

ವೃಷಣದಲ್ಲಿ ಹುಟ್ಟಿದ ವೀರ್ಯಾಣು ನೋಡಲು ಪೂರ್ತಿ ಬೆಳೆದಂತಿದ್ದರೂ ಅದಕ್ಕೆ ಈಜಲು ಬಾರದು, ಅಂಡವನ್ನು ಸೇರಲೂ ಬಾರದು. ವೃಷಣಕ್ಕೆ ಅಂಟಿಕೊಂಡಿರುವ ಸುರುಳಿ ನಾಳದಲ್ಲಿ ಅದು ಮಾಗಬೇಕು. ಹೋರಿಯ ಈ ನಾಳವನ್ನು ಬಿಡಿಸಿ ಎಳೆದರೆ 30 ಮೀಟರಿಗೂ ಉದ್ದ. ಅದನ್ನು ದಾಟಲು ವೀರ್ಯಾಣುವಿಗೆ ಸುಮಾರು ಹತ್ತು ದಿನ ಬೇಕು. ಆ ದಾರಿಯಲ್ಲಿ ನಾಳದ ಗೋಡೆಯಿಂದ ಹೊಸ ಪ್ರೋಟೀನುಗಳು ಬಂದು ಅದರ ಮೈಗೆ ಕೂರುತ್ತವೆ. ಅವುಗಳ ಮೇಲೆ ಸಕ್ಕರೆಯ ಸರಪಳಿಗಳು ಪೈರಿನಂತೆ ಒತ್ತಾಗಿ ಎದ್ದು ನಿಂತಿರುತ್ತವೆ. ಕಿಣ್ವಗಳು ಕೆಲವು ಸರಪಳಿಗಳನ್ನು ಕತ್ತರಿಸುತ್ತವೆ, ಕೆಲವಕ್ಕೆ ತುದಿ ಜೋಡಿಸುತ್ತವೆ.

ಸಕ್ಕರೆ ಎಂದೊಡನೆ ನಮ್ಮ ಮಂಡ್ಯದವರಿಗೆ ಆಲೆಮನೆ ನೆನಪಾಗುವುದು ಸಹಜ. ಆದರೆ ಇದು ಸಿಹಿಗಾಗಿಯೂ ಅಲ್ಲ, ಶಕ್ತಿಗಾಗಿಯೂ ಅಲ್ಲ. ಶಕ್ತಿಗೆ ವೀರ್ಯದ್ರವದಲ್ಲಿ ಫ್ರಕ್ಟೋಸ್ ಬೇರೆಯೇ ಇದೆ. ಮೈಮೇಲಿನ ಸಕ್ಕರೆ ಗುರುತಿಗೂ ರಕ್ಷಣೆಗೂ.

ಸರಪಳಿಗಳ ತುದಿಯಲ್ಲಿ ಹೆಚ್ಚಾಗಿ ಕೂತಿರುವುದು ಸಿಯಾಲಿಕ್ ಆಮ್ಲ ಎಂಬ ಒಂದು ಬಗೆಯ ಸಕ್ಕರೆ. ಅದಕ್ಕೆ ಋಣ ವಿದ್ಯುದಂಶವಿದೆ, ಆದ್ದರಿಂದ ವೀರ್ಯಾಣುಗಳು ಒಂದನ್ನೊಂದು ದೂಡುತ್ತವೆ, ಗಂಟು ಕಟ್ಟುವುದಿಲ್ಲ. ಗರ್ಭಕಂಠದ ಲೋಳೆಯಲ್ಲಿ ನುಸುಳಿ ಹೋಗಲು ನೆರವಾಗುವುದೂ ಅದೇ. ಇನ್ನೊಂದು ಕೆಲಸವಂತೂ ನನಗೆ ಈಗಲೂ ಬೆರಗು ತರಿಸುತ್ತದೆ. ವೀರ್ಯ ಬಿದ್ದ ಕೂಡಲೇ ಹಸುವಿನ ಗರ್ಭಕೋಶಕ್ಕೆ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ, ಹೊರಗಿನದೆಂದು ಕಂಡದ್ದನ್ನು ನುಂಗುತ್ತವೆ. ಹಸುವಿನ ಸ್ವಂತ ಜೀವಕೋಶಗಳ ಮೇಲೂ ಸಿಯಾಲಿಕ್ ಆಮ್ಲವೇ ಇರುವುದರಿಂದ, ಅದನ್ನು ಹೊದ್ದ ವೀರ್ಯಾಣು ಮನೆಯದರಂತೆ ಕಂಡು ಪಾರಾಗುವ ಸಾಧ್ಯತೆ ಹೆಚ್ಚುತ್ತದೆ.

ಬೆದೆ ನೋಡುವುದು

ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಕೂಗುವುದು, ಮೇವು ಬಿಡುವುದು, ಹಾಲು ಇಳಿಯುವುದು ಇವೆಲ್ಲ ಸುಳಿವುಗಳು. ಬೇರೆ ಹಸು ಮೈಮೇಲೆ ಹಾರಿದಾಗ ಅಲುಗಾಡದೆ ನಿಂತರೆ ಅದು ಖಚಿತ ಲಕ್ಷಣ. ಲೋಳೆ ಗಾಜಿನಂತೆ ತಿಳಿಯಾಗಿ ದಾರದ ಹಾಗೆ ಜೋತು ಬೀಳಬೇಕು. ಬೆಳ್ಳಗೆ ಕೀವು ಬೆರೆತಂತಿದ್ದರೆ ಆ ಸಲ ಹಾಕಿಸಬೇಡಿ, ಸೋಂಕಿಗೆ ಮದ್ದು ಮಾಡಿಸಿ. ಎಮ್ಮೆಗಳು ಕೂಗದೆ ಬೆದೆಗೆ ಬರುವುದುಂಟು, ಹಾಗಾಗಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹೋಗಿ ನೋಡಿ.

ಹೊತ್ತು ಹಿಡಿಯುವುದು

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಈ ಸೂತ್ರ ಎಲ್ಲರಿಗೂ ಗೊತ್ತು, ಕಾರಣ ಮಾತ್ರ ಕೆಲವರಿಗೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು 10–12 ಗಂಟೆಯ ಮೇಲೆ. ವೀರ್ಯಾಣು ಅದಕ್ಕೂ ಮೊದಲೇ ಹೋಗಿ ಸಿದ್ಧವಾಗಿರಬೇಕು. ಹಸುವಿನ ಅಂಡನಾಳದ ಗೋಡೆಯ ಮೇಲೆ ಫ್ಯೂಕೋಸ್ ಎಂಬ ಸಕ್ಕರೆಯಿದೆ. ವೀರ್ಯಾಣು ತನ್ನ ಮೈಯ ಪ್ರೋಟೀನಿನಿಂದ ಅದನ್ನು ಹಿಡಿದು ತಂಗುತ್ತದೆ. ಹಾಗೆ ತಂಗಿದ ವೀರ್ಯಾಣುವಿನ ಆಯಸ್ಸು ಹೆಚ್ಚು.

ತಂಗಿದ್ದಾಗ ಹೊದಿಕೆ ಕಳಚುವ ಕೆಲಸವೂ ಸಾಗುತ್ತದೆ. ಅಷ್ಟು ಹೊತ್ತು ಕಾಪಾಡಿದ ಸಿಯಾಲಿಕ್ ಆಮ್ಲ ಕಿಣ್ವಗಳಿಂದ ಉದುರುತ್ತದೆ, ಅಂಡವನ್ನು ಹಿಡಿಯಬೇಕಾದ ಭಾಗಗಳು ತೆರೆದುಕೊಳ್ಳುತ್ತವೆ. ಹೆಣ್ಣಿನ ದೇಹದೊಳಗೆ ಹೀಗೆ ಕೆಲವು ಗಂಟೆ ಕಳೆಯದೆ ವೀರ್ಯಾಣುವಿಗೆ ಅಂಡದೊಳಗೆ ಹೋಗುವ ಶಕ್ತಿ ಬರುವುದಿಲ್ಲ ಎಂಬುದನ್ನು 1951ರಲ್ಲಿ ವಿಜ್ಞಾನಿಗಳಾದ ಚಾಂಗ್ ಮತ್ತು ಆಸ್ಟಿನ್ ಬೇರೆ ಬೇರೆಯಾಗಿ ತೋರಿಸಿಕೊಟ್ಟರು. ತಡವಾಗಿ ಹಾಕಿಸಿದರೆ ವೀರ್ಯಾಣು ಸಿದ್ಧವಾಗುವಷ್ಟರಲ್ಲಿ ಅಂಡ ಹಳತಾಗಿರುತ್ತದೆ. ತೀರಾ ಬೇಗ ಹಾಕಿಸಿದರೂ ನಷ್ಟ. ಹೆಪ್ಪುಗಟ್ಟಿಸಿ ಕರಗಿಸಿದಾಗ ಹೊದಿಕೆ ಒಂದಿಷ್ಟು ಸಡಿಲವಾಗಿ, ವೀರ್ಯಾಣು ಹೊತ್ತಿಗೆ ಮುಂಚೆಯೇ ಅರೆಸಿದ್ಧವಾಗಿಬಿಡುತ್ತದೆ. ತಾಜಾ ವೀರ್ಯದಷ್ಟು ಕಾಲ ಅದು ಬದುಕುವುದಿಲ್ಲ.

ನಳಿಕೆ ಕರಗಿಸುವುದು

ಇದು ತರಬೇತಾದವರ ಕೆಲಸ. ಆದರೂ ಮನೆಯವರು ಪಕ್ಕದಲ್ಲಿ ನಿಂತು ನೋಡಬೇಕು, ಕೇಳಬೇಕು. ದ್ರವ ಸಾರಜನಕದ ಕ್ಯಾನಿನಲ್ಲಿ ನಳಿಕೆ ಮೈನಸ್ 196 ಡಿಗ್ರಿಯಲ್ಲಿರುತ್ತದೆ. ಹುಡುಕುವಾಗ ಅದನ್ನು ಕ್ಯಾನಿನ ಕುತ್ತಿಗೆಯಿಂದ ಮೇಲಕ್ಕೆ ಎತ್ತಿ ಹಿಡಿಯಬಾರದು. ತೆಗೆದ ತಕ್ಷಣ 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು ಇಡಬೇಕು. ಥರ್ಮಾಮೀಟರ್ ಇರಲೇಬೇಕು, ಬೆರಳಿನ ಅಂದಾಜು ಸಾಲದು. ಅಂಗೈಯಲ್ಲಿ ಉಜ್ಜಿ ಅಥವಾ ಜೇಬಿನಲ್ಲಿಟ್ಟು ನಿಧಾನಕ್ಕೆ ಕರಗಿಸಿದರೆ ಮಂಜಿನ ಹರಳುಗಳು ಮತ್ತೆ ಬೆಳೆದು ವೀರ್ಯಾಣುವಿನ ಪೊರೆ ಹರಿಯುತ್ತವೆ. ಸಕ್ಕರೆ ಸರಪಳಿಗಳು ನೆಟ್ಟಿರುವುದು ಆ ಪೊರೆಯಲ್ಲೇ.

ನೀರಿನಿಂದ ತೆಗೆದ ನಳಿಕೆಯನ್ನು ಒಣಗಿಸಿಯೇ ಕತ್ತರಿಸಬೇಕು. ಒಂದು ಹನಿ ನೀರು ಒಳಹೋದರೂ ವೀರ್ಯಾಣುಗಳು ಉಬ್ಬಿ ಬಾಲ ಸುರುಳಿಯಾಗುತ್ತದೆ. ಕರಗಿಸಿದ ಮೇಲೆ ಹತ್ತು ಹದಿನೈದು ನಿಮಿಷದೊಳಗೆ ಹಾಕಿ ಮುಗಿಸಬೇಕು. ಇನ್ನೊಂದು ಮನೆಯ ಹಸುವಿಗೆಂದು ಒಟ್ಟಿಗೆ ಕರಗಿಸಿ ಒಯ್ಯುವುದನ್ನು ದಯವಿಟ್ಟು ಒಪ್ಪಬೇಡಿ.

ಹಾಕುವುದು, ಆಮೇಲೆ ಕಾಯುವುದು

ಹಸುವಿನ ಹಿಂಭಾಗವನ್ನು ಬರೀ ನೀರಿನಿಂದ ತೊಳೆದು ಒರೆಸಿ. ಸೋಪು, ಡೆಟಾಲ್ ವೀರ್ಯಾಣುವಿಗೆ ವಿಷ. ವೀರ್ಯವನ್ನು ಗರ್ಭಕಂಠ ದಾಟಿದ ಕೂಡಲೇ ಬಿಡಬೇಕು. ಆತುರಪಡಿಸಬೇಡಿ. ಆಮೇಲೆ ಹಸುವನ್ನು ಬಿಸಿಲಲ್ಲಿ ನಡೆಸದೆ ನೆರಳಲ್ಲಿ ಕಟ್ಟಿ.

ಹಾಕಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, 18ನೇ ದಿನದಿಂದ 24ನೇ ದಿನದವರೆಗೆ ಕಣ್ಣಿಡಿ. ಬೆದೆಗೆ ಬಾರದಿದ್ದರೂ ಎರಡು ಮೂರು ತಿಂಗಳಿಗೆ ಪಶುವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ. ಆ ಅಜ್ಜಿಗೂ ಇದನ್ನೇ ಹೇಳಿದೆ: ಮೂರು ಸಲವೂ ನಿಲ್ಲದಿದ್ದರೆ ನಾಲ್ಕನೇ ನಳಿಕೆ ಹಾಕಿಸುವ ಮೊದಲು ಹಸುವಿನ ಗರ್ಭಕೋಶ ತೋರಿಸಿ.