ಬಾಖ್‌ನ ಚರ್ಚಿನಲ್ಲಿ ನಾವು ಹಾಡಿದ ಶುಕ್ರವಾರ

ನಾನು ಬೆಂಗಳೂರಿನ ಒಂದು ಗಾಯನ ತಂಡದಲ್ಲಿ, ಅಂದರೆ ಕ್ವಾಯರ್‌ನಲ್ಲಿ ಆಲ್ಟೊ (ಹೆಂಗಸರ ಕೆಳಗಿನ ದನಿ) ಹಾಡುತ್ತೇನೆ. ಜರ್ಮನಿ ಪ್ರವಾಸದಲ್ಲಿ ನಾನು ಹೆಚ್ಚು ಕಾದಿದ್ದು ಲೈಪ್‌ಜಿಗ್‌ಗೆ. ಅಲ್ಲಿನ ಸೇಂಟ್ ಥಾಮಸ್ ಚರ್ಚಿನಲ್ಲಿ ಸಂಗೀತ ರಚನಕಾರ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೂ ಸಂಗೀತದ ಹೊಣೆ ಹೊತ್ತಿದ್ದರು. ಆ ಚರ್ಚಿನ ಹುಡುಗರ ಕ್ವಾಯರ್ ಶುರುವಾಗಿದ್ದು 1212ರಲ್ಲಿ. ಶುಕ್ರವಾರ ಸಂಜೆ 6ರ ಗಾಯನ ಸಾಮಾನ್ಯವಾಗಿ ಅವರದ್ದೇ. ಅವರಿಲ್ಲದ ವಾರಗಳಲ್ಲಿ ಹೊರಗಿನವರಿಗೂ ಅವಕಾಶ ಸಿಗುತ್ತದೆ. ಹಾಗೆ ಒಂದು ಶುಕ್ರವಾರ ನಮಗೆ ಸಿಕ್ಕಿತು.

ಹಾಡುವ ದಿನ ಊರು ನೋಡಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟು ದೂರ ಹೋಗಿ ರೂಮಿನಲ್ಲಿ ಕೂರುವುದು ಹೇಗೆ? ಆದರೆ ಕಾಲಿನ ಬಗ್ಗೆ ಎಚ್ಚರ ಬೇಕು. ಕಾಲು ಸೋತರೆ ಬೆನ್ನು ಬಾಗುತ್ತದೆ, ಉಸಿರು ಗಿಡ್ಡವಾಗುತ್ತದೆ, ಆಮೇಲೆ ಶ್ರುತಿ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಸೇಂಟ್ ನಿಕೋಲಸ್ ಚರ್ಚಿಗೆ ಮಾತ್ರ ಹೋಗಿ, ಬೆಂಚಿನ ಮೇಲೆ ಸುಮ್ನೆ ಕೂತೆ. ಬಿಳಿ ಕಂಬಗಳ ತುದಿಯಲ್ಲಿ ತಾಳೆಗರಿಗಳು ಬಿಚ್ಚಿಕೊಂಡಂತೆ ಕೆತ್ತಿದ್ದಾರೆ. ಯೋಹಾನನ ಸುವಾರ್ತೆಯ ಪ್ರಕಾರ ಯೇಸುವಿನ ಯಾತನೆಯನ್ನು ಹಾಡುವ ಬಾಖ್‌ನ ದೊಡ್ಡ ಕೃತಿಯನ್ನು 1724ರ ಶುಭ ಶುಕ್ರವಾರ ಮೊದಲು ಹಾಡಿದ್ದು ಇಲ್ಲೇ. 1989ರಲ್ಲಿ ಇಲ್ಲಿನ ಸೋಮವಾರದ ಶಾಂತಿ ಪ್ರಾರ್ಥನೆಗಳಿಂದಲೇ ಜನ ಆಗಿನ ಪೂರ್ವ ಜರ್ಮನಿಯ ಆಡಳಿತದ ವಿರುದ್ಧ ಬೀದಿಗಿಳಿದರು. ಮಧ್ಯಾಹ್ನ ಹಗುರ ಊಟ. ನೀರು ಮಾತ್ರ ಬೆಳಿಗ್ಗೆಯಿಂದಲೇ ಗುಟುಕು ಗುಟುಕಾಗಿ. ಹಾಡುವ ಮುಂಚೆ ಒಂದೇ ಸಲ ಕುಡಿದರೆ ಗಂಟಲಿಗೆ ಏನೂ ಉಪಯೋಗವಿಲ್ಲ.

ನಿಜವಾದ ಕೆಲಸ ಚರ್ಚಿನೊಳಗಿನ ರಿಹರ್ಸಲ್‌ನಲ್ಲಿ. ಬೆಂಗಳೂರಿನ ನಮ್ಮ ಅಭ್ಯಾಸದ ಕೋಣೆಯಲ್ಲಿ ದಪ್ಪ ಪರದೆಗಳಿವೆ, ಸ್ವರ ಬಿಟ್ಟ ಕೂಡಲೇ ಸತ್ತುಹೋಗುತ್ತದೆ. ಇಲ್ಲಿ ಸ್ವರ ಎತ್ತರದ ಚಾವಣಿಗೆ ಹೋಗಿ, ಮುಂದಿನ ಸ್ವರದ ಮೇಲೆ ಬಂದು ಬೀಳುತ್ತದೆ. ಬಾಖ್ ಕಾಲದಲ್ಲಿ ಒಳಗೆ ಮರದ ಕೆಲಸ ಜಾಸ್ತಿ ಇತ್ತು, ಮರ ಸದ್ದನ್ನು ಹೀರುತ್ತಿತ್ತು. 1884ರಿಂದ 1889ರವರೆಗಿನ ನವೀಕರಣದಲ್ಲಿ ಆ ಹಳೆಯ ಒಳಾಂಗಣ ತೆಗೆದರು. ನಾಲ್ಕು ದನಿಗಳು ಒಂದರ ಹಿಂದೆ ಒಂದು ಓಡುವ ಮೊಟೆಟ್ (ಹಲವು ದನಿಗಳ ಧಾರ್ಮಿಕ ಗಾಯನ) ಅಲ್ಲಿ ಕಲಸಿಹೋಗುವುದು ಸಹಜ ಅಲ್ವಾ?

ನಮ್ಮ ಕ್ವಾಯರ್ ಮಾಸ್ಟರ್ ಮೊದಲು ವೇಗ ತಗ್ಗಿಸಿದರು. ಆಮೇಲೆ ಒಬ್ಬೊಬ್ಬರನ್ನೇ ನಾವು ನಿಂತಿದ್ದ ಮೇಲಿನ ಗ್ಯಾಲರಿಯಿಂದ ಕೆಳಗೆ ಕಳಿಸಿ, "ಹೋಗಿ ಕೇಳಿ ಬನ್ನಿ" ಅಂದರು. ಕೆಳಗಿನಿಂದ ಕೇಳಿದಾಗ ನನಗೆ ನಮ್ಮ ಆಲ್ಟೊ ರಾಗ ಕೇಳಿಸಿತು, ಮಾತು ಕೇಳಿಸಲಿಲ್ಲ. ವಾಪಸ್ ಬಂದು ಹೇಳಿದೆ. ವ್ಯಂಜನಗಳನ್ನು ತಾಳಕ್ಕಿಂತ ಕೂದಲೆಳೆ ಮುಂಚೆ ಹಾಕಿ, ತಾಳದ ಮೇಲೆ ಸ್ವರ ಬರುವಂತೆ ಮಾಡಿದೆವು. ಪದದ ಕೊನೆಯ 'ತ್', 'ಸ್' ಎಲ್ಲರದ್ದೂ ಒಟ್ಟಿಗೆ ಬೀಳಬೇಕು. ನಮ್ಮಲ್ಲಿ ಕರ್ನಾಟಕ ಸಂಗೀತ ಕಲಿತವರು ಕೆಲವರಿದ್ದೇವೆ. ಸ್ವರದಿಂದ ಸ್ವರಕ್ಕೆ ಜಾರುವ ಅಭ್ಯಾಸವನ್ನು ಇಲ್ಲಿ ಪೂರ್ತಿ ಬಿಡಬೇಕಾಯಿತು. ಆದರೆ ಶ್ರುತಿಗೆ ಕಿವಿ ಕೊಡುವ ಆ ತರಬೇತಿಯೇ ನಮ್ಮನ್ನು ಕಾಪಾಡಿದ್ದು. ಎದುರಿನ ಸೊಪ್ರಾನೊಗಳು (ಮೇಲಿನ ದನಿಯವರು) ಸರಿಯಾಗಿ ಕೇಳಿಸದ ಜಾಗದಲ್ಲಿ ಗಂಡಸರ ಕೆಳಗಿನ ಬೇಸ್ ದನಿಯನ್ನೇ ತಂಬೂರಿ ಅಂತ ಹಿಡಿದುಕೊಂಡೆ.

ರಿಹರ್ಸಲ್ ಮುಗಿಸಿ ಬಾಖ್ ಸಮಾಧಿಯ ಹತ್ತಿರ ಹೋದೆ. ಅವರ ಅಸ್ಥಿ ಈ ಚರ್ಚಿಗೆ ಬಂದಿದ್ದು 1950ರಲ್ಲಿ. ಕಂಚಿನ ಫಲಕದ ಮೇಲೆ ಯಾರೋ ಹೂವಿಟ್ಟಿದ್ದರು. ನನಗೆ ಕಣ್ಣು ತುಂಬಿ ಬಂತು.

ಸಂಜೆ ಕೇಳುಗರಲ್ಲಿ ಹೆಚ್ಚಿನವರು ನಮಗೆ ಬೆನ್ನು ಹಾಕಿ ಕೂತಿದ್ದರು. ಗ್ಯಾಲರಿ ಇರುವುದು ಹಿಂದೆ. ಮುಖ ಕಾಣುವುದಿಲ್ಲ, ದನಿ ಮಾತ್ರ ತಲುಪಬೇಕು. ಅದು ನನಗೆ ತುಂಬಾ ಇಷ್ಟವಾಯಿತು. ವಾದ್ಯವಿಲ್ಲದೆ ಹಾಡಿದ ಮೊಟೆಟ್ ಮುಗಿದ ಮೇಲೆ ಆರ್ಗನ್ ಅದೇ ಶ್ರುತಿಯಲ್ಲಿ ಶುರುವಾಗಬೇಕಿತ್ತು. ನಾವು ಇಳಿದಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಆರ್ಗನ್ ಬಂತು, ನಮ್ಮ ಶ್ರುತಿ ಅಲ್ಲೇ ಇತ್ತು.

ರಾತ್ರಿ ಊಟದ ಹೊತ್ತಿಗೇ ಮುಂದಿನ ಊರಿನ ಮಾತು. ಉಸಿರು ಎಲ್ಲಿ, ವೇಗ ಎಷ್ಟು ಅನ್ನೋದನ್ನೆಲ್ಲ ನಾನು ಪೆನ್ಸಿಲ್‌ನಲ್ಲೇ ಬರೆದುಕೊಂಡಿರುತ್ತೇನೆ. ಮುಂದಿನ ಊರಿನ ಚರ್ಚಿಗೆ ಬೇರೆ ಗುರುತು ಬೇಕಾಗುತ್ತದೆ.