ಬತ್ತುವ ಕೆರೆಗೆ ಗಾಳ ಹಾಕುವುದು ಹೇಗೆ?

ಏಪ್ರಿಲ್ ಕಳೆಯುವ ಹೊತ್ತಿಗೆ ತುಮಕೂರು ಕಡೆಯ ಮಳೆ ನಂಬಿದ ಕೆರೆಗಳಲ್ಲಿ ನೀರು ಅಂಗಳ ಬಿಟ್ಟು ಏರಿಯ ಬುಡಕ್ಕೆ, ತೂಬಿನ ಮುಂದಿನ ಗುಂಡಿಗೆ ಸರಿದಿರುತ್ತದೆ. ಮೀನೂ ಅಲ್ಲೇ ಒತ್ತಾಗಿ ಸೇರಿರುತ್ತದೆ. ಆದರೂ ಗಾಳ ಹಿಡಿದು ಕೂತವರ ಚೀಲ ಖಾಲಿ. ಬಹುಪಾಲು ಕಾರಣ ಒಂದೇ: ಎರೆ ಕೆಸರಿನೊಳಗೆ ಹೂತಿರುತ್ತದೆ.

ಮೊದಲು ಅನುಮತಿ. ಹರಾಜಾದ ಕೆರೆಯ ಮೀನು ಗುತ್ತಿಗೆದಾರರದು, ಕೇಳಿಯೇ ಕೂರಿ.

ಸಾಮಾನು ಹೆಚ್ಚೇನಿಲ್ಲ. ಹತ್ತು ಹನ್ನೆರಡು ಅಡಿಯ ಬಿದಿರು ಕೋಲು, 0.28 ಅಥವಾ 0.30 ಮಿ.ಮೀ. ನೈಲಾನ್ ದಾರ, ಗೆಂಡೆ ಮೀನಿಗೆ 8ನೇ ನಂಬರ್ ಗಾಳ, ಜಿಲೇಬಿ ಮೀನಿಗೆ (ತಿಲಾಪಿಯ) 12. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಸುವ ಬೆಂಡಿಗೆ ಜೋಳದ ದಂಟಿನ ಒಳತಿರುಳು ಸಾಕು. ಅಂಗಡಿಯ ಬಣ್ಣಬಣ್ಣದ ಗುಂಡು ಪ್ಲಾಸ್ಟಿಕ್ ಬೆಂಡು ಕೊಳ್ಳಬೇಡಿ, ಮೀನು ಮೆಲ್ಲಗೆ ಮುಟ್ಟಿದರೆ ಅದು ಅಲುಗುವುದೇ ಇಲ್ಲ.

ಕೂರಲು ಏರಿಯ ಕಲ್ಲುಕಟ್ಟಡವೇ ಒಳ್ಳೆಯದು. ನೀರಂಚಿನ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಮೊಣಕಾಲುದ್ದ ಹಸಿ ಇರಬಹುದು. ಕೋಲಿನ ಬುಡದಿಂದ ಚುಚ್ಚಿ ನೋಡದೆ ಕಾಲಿಡಬೇಡಿ. ಮಣ್ಣು ತೆಗೆದ ಗುಂಡಿಗಳ ಹತ್ತಿರ ಹೋಗಲೇಬೇಡಿ, ಅವುಗಳ ದಡ ನೆಟ್ಟಗೆ ಕೆಳಗಿಳಿದಿರುತ್ತದೆ.

ಈಗ ಆಳ ಅಳೆಯುವುದು. ಹೆಚ್ಚಿನವರು ಗಾಳಕ್ಕೆ ದಪ್ಪ ನಟ್ಟು ಕಟ್ಟಿ ಬಿಡುತ್ತಾರೆ. ಅದು ಹೂಳಿನೊಳಗೆ ಅರ್ಧ ಅಡಿ ಇಳಿದು ಸುಳ್ಳು ಆಳ ತೋರಿಸುತ್ತದೆ. ಬೆಂಡನ್ನು ಮುಳುಗಿಸಲು ಎಷ್ಟು ಬೇಕೋ ಅಷ್ಟೇ ತೂಕದ ಸೀಸವನ್ನು ಗಾಳದ ತುದಿಗೆ ಸಿಕ್ಕಿಸಿ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ಅದನ್ನು ಕೋಲಿನ ಕಡೆಗೆ ಸರಿಸಿ. ಅಡ್ಡ ಮಲಗಿದರೆ ಗಾಳದ ಕಡೆಗೆ. ತುದಿ ಮಾತ್ರ ನೀರಿನ ಮೇಲೆ ಕಂಡಾಗ ನಿಲ್ಲಿಸಿ. ಎಳೆದ ಗಾಳಕ್ಕೆ ಕಪ್ಪು ಕೆಸರು ಮೆತ್ತಿದ್ದರೆ ಸೀಸ ಇನ್ನೂ ಭಾರ, ಕಡಿಮೆ ಮಾಡಿ ಮತ್ತೆ ಅಳೆಯಿರಿ.

ಆಮೇಲೆ ಆ ಸೀಸ ತೆಗೆದು, ಬೆಂಡನ್ನು ನೆಟ್ಟಗೆ ನಿಲ್ಲಿಸುವಷ್ಟು ಸಣ್ಣ ಸೀಸವನ್ನು ಗಾಳಕ್ಕಿಂತ ನಾಲ್ಕು ಇಂಚು ಮೇಲೆ ಕಚ್ಚಿಸಿ. ಜಿಲೇಬಿಗಾದರೆ ಬೆಂಡನ್ನು ಒಂದಡಿ ಗಾಳದ ಕಡೆಗೆ ಇಳಿಸಿ. ಗೆಂಡೆ ತಳದಲ್ಲೇ ಮೇಯುವ ಮೀನು: ಅದಕ್ಕೆ ಬೆಂಡನ್ನು ನಾಲ್ಕು ಇಂಚು ಕೋಲಿನ ಕಡೆಗೆ ಏರಿಸಿ, ಸೀಸ ಕೆಸರನ್ನು ಮುಟ್ಟಿಯೂ ಮುಟ್ಟದಂತಿರಲಿ. ಹೀಗಿದ್ದಾಗ ಗೆಂಡೆ ಎರೆ ಕಚ್ಚಿ ತಲೆ ಎತ್ತಿದರೆ ಸೀಸದ ಭಾರ ಕಳೆದು ಬೆಂಡು ಮೇಲೆದ್ದು ವಾಲುತ್ತದೆ. ಮುಳುಗಲಿ ಎಂದು ಕಾದರೆ ಮೀನು ಉಗಿದು ಹೋಗಿರುತ್ತದೆ, ವಾಲಿದಾಗಲೇ ಎಳೆಯಿರಿ. ನೀರು ದಿನದಿನಕ್ಕೂ ಇಳಿಯುವುದರಿಂದ ಹಿಂದಿನ ವಾರದ ಅಳತೆ ನಡೆಯದು. ಬೇಸಿಗೆಯಲ್ಲೂ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಹರಿದುಬರುವ ಕೋಲಾರದ ಕೆರೆಗಳದು ಬೇರೆ ಲೆಕ್ಕ.

ಎರೆಗೆ ತಂಗಳು ಮುದ್ದೆ ತರುವವರಿದ್ದಾರೆ. ರಾಗಿಗೆ ಅಂಟಿಲ್ಲ, ನೀರಿಗೆ ಬಿದ್ದೊಡನೆ ಕಳಚುತ್ತದೆ. ಎರಡು ಪಾಲು ರಾಗಿ ಹಿಟ್ಟು, ಒಂದು ಪಾಲು ಗೋಧಿ ಹಿಟ್ಟು, ಒಂದು ಹಿಡಿ ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಒದ್ದೆ ಬಟ್ಟೆಯಲ್ಲಿಡಿ. ಜಿಲೇಬಿಗೆ ಎರೆಹುಳು ವಾಸಿ. ಸುವಾಸನೆಯ ಎಸೆನ್ಸ್ ಬಾಟಲಿಗೆ ದುಡ್ಡು ಹಾಕಬೇಡಿ.

ನಸುಕಿನಲ್ಲೇ ಓಡುವುದು ಇನ್ನೊಂದು ತಪ್ಪು. ಪಾಚಿಗಟ್ಟಿದ ಹಸಿರು ನೀರಿನಲ್ಲಿ ರಾತ್ರಿಯಿಡೀ ಆಮ್ಲಜನಕ ಖರ್ಚಾಗಿ, ಸೂರ್ಯ ಹುಟ್ಟುವ ಮುಂಚೆ ತೀರಾ ಕಡಿಮೆಯಾಗಿರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುವಿಕೆ. ಬಿಸಿಲು ಬಿದ್ದು ಒಂದೂವರೆ ಗಂಟೆಯಾದ ಮೇಲೆ ಹಾಕಿ, ಇಲ್ಲವೇ ಸಂಜೆ ಐದರ ನಂತರ. ಗುಡುಗು ಕೇಳಿದರೆ ಕೋಲು ಮಡಗಿ ಏರಿಯಿಂದ ಕೆಳಗಿಳಿಯಿರಿ.

ಸಿಕ್ಕ ಮೀನನ್ನು ದಾರದಲ್ಲೇ ಎತ್ತದೆ ಕೈಬಲೆಯಲ್ಲಿ ತೆಗೆಯಿರಿ. ಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಅದು ಬೇಗ ಸಾಯುತ್ತದೆ, ಬೇಗ ಕೆಡುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಡಿ, ಐಸ್ ಇದ್ದರೆ ಇನ್ನೂ ಒಳ್ಳೆಯದು. ಕೆಸರು ವಾಸನೆಗೆ ಕಲ್ಲುಪ್ಪು, ಹುಣಸೆಹುಳಿ ಹಾಕಿ ಉಜ್ಜಿ ತೊಳೆಯಿರಿ. ಹೊಟ್ಟೆಯೊಳಗಿನ ಕಪ್ಪು ಪೊರೆ ಕೆರೆಯುವುದನ್ನು ಮರೆಯಬೇಡಿ.