ಅಡಿಕೆ ಹಾಳೆಯ ಮೇಲೆ ಕೆಮ್ಮಣ್ಣಿನ ಚಿತ್ರ: ಮನೆಯಲ್ಲಿರುವುದರಿಂದಲೇ ಬಣ್ಣ ಮಾಡಿಕೊಳ್ಳುವ ಬಗೆ

ಶಿರಸಿ, ಸಿದ್ದಾಪುರದ ಕಡೆಯವರು ಚಿತ್ರ ಬರೆಯಬೇಕೆಂದು ಪೇಟೆಗೆ ಹೋಗಿ ಬಣ್ಣ ತರುವ ಮೊದಲು ತಮ್ಮ ಹಿತ್ತಲನ್ನೂ ಅಡುಗೆಮನೆಯನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲಿಯ ಮತ್ತು ಸಾಗರ ಸೀಮೆಯ ದೀವರು ಸಮುದಾಯದ ಹೆಂಗಸರು ಮದುವೆಯ ಗೋಡೆಗೂ ಭೂಮಿ ಹುಣ್ಣಿಮೆಯ ಬುಟ್ಟಿಗೂ ಬರೆಯುತ್ತ ಬಂದಿರುವ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿ, ಹಳದಿ ಬಣ್ಣ ಕೊಡುವ ಗುರಿಗೆ ಬೀಜ ಮತ್ತು ಕುಂಚಕ್ಕೆ ಬಳಸುವ ಪುಂಡಿ ಗಿಡದ ನಾರೇ ಆಧಾರ. ಅದೇ ಸಾಮಗ್ರಿಯಿಂದ ಅಡಿಕೆ ಹಾಳೆಯ ಮೇಲೆ ಬರೆಯುವ ಕ್ರಮ ಹೀಗಿದೆ.

ತೋಟದಲ್ಲಿ ತಾನಾಗಿ ಉದುರಿದ, ಬೂಸ್ಟು ಹಿಡಿಯದ ಹಾಳೆಯನ್ನು ಆರಿಸಿ, ತೊಳೆದು, ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ, ಚಪ್ಪಟೆ ಕಲ್ಲಿನ ಕೆಳಗಿಟ್ಟು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಮುದುಡುತ್ತದೆ.

ಹೆಚ್ಚು ತಾಳ್ಮೆ ಬೇಡುವುದು ಮಣ್ಣು. ಕೆಮ್ಮಣ್ಣನ್ನು ಪುಡಿಮಾಡಿ ಬಕೆಟ್ ನೀರಿನಲ್ಲಿ ಕದಡಿ, ಮರಳು ತಳ ಸೇರುವಷ್ಟು ಹೊತ್ತು ಮಾತ್ರ ಬಿಟ್ಟು, ಮೇಲಿನ ಕೆಂಪು ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ. ರಾತ್ರಿಯಿಡೀ ಅದನ್ನು ಅಲುಗಿಸದಿದ್ದರೆ ಬೆಳಿಗ್ಗೆ ತಿಳಿನೀರಿನ ಕೆಳಗೆ ಬೆಣ್ಣೆಯಷ್ಟು ನುಣುಪಾದ ಕೆಸರು ಸಿಗುತ್ತದೆ. ಇದಕ್ಕೆ ಅಂಟು ಬೇಕು. ಗೇರು ಮರದ ಅಂಟನ್ನು ನೀರಿನಲ್ಲಿ ನೆನೆಸಿ ಸೋಸಿದರೆ ಸಾಕು, ಇಲ್ಲವಾದರೆ ಗಟ್ಟಿ ಗಂಜಿ ತಿಳಿಯೂ ಆದೀತು. ಹಾಳೆಯ ತುಂಡಿಗೆ ಹಚ್ಚಿ ಒಣಗಿಸಿ ಬೆರಳಿನಿಂದ ಉಜ್ಜಿ ನೋಡಿ: ಪುಡಿ ಉದುರಿದರೆ ಅಂಟು ಕಡಿಮೆ, ಬಿರುಕು ಬಿಟ್ಟರೆ ಹೆಚ್ಚು. ಅಳತೆಯ ಚಮಚಕ್ಕಿಂತ ಈ ಪರೀಕ್ಷೆಯನ್ನು ನಂಬುವುದು ಲೇಸು, ಏಕೆಂದರೆ ಒಂದು ಗುಡ್ಡದ ಮಣ್ಣಿನಂತೆ ಇನ್ನೊಂದು ಗುಡ್ಡದ್ದು ಇರುವುದಿಲ್ಲ.

ಬಿಳಿಗೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆಯಿರಿ. ಕಪ್ಪಿಗೆ ಅಕ್ಕಿಯನ್ನು ಕರಿಯಾಗುವಷ್ಟು ಹುರಿದು, ನೆನೆಸಿ ಅರೆಯಿರಿ. ಅಕ್ಕಿ ಬಣ್ಣ ಬೇಗ ಹುಳಿಯುವುದರಿಂದ ಆ ದಿನಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಿ. ಹಳದಿ ಗುರಿಗೆ ಬೀಜದಿಂದ ಬರುತ್ತದೆ. ಅರಿಶಿನವೂ ಹಳದಿಯೇ, ಆದರೆ ಬಿಸಿಲಿಗೆ ಬೇಗ ಮಾಸುವ ಕಾರಣ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಕುಂಚಕ್ಕೆ ಪುಂಡಿ ನಾರಿನ ತುದಿಯನ್ನು ಜಜ್ಜಿ ಎಳೆ ಬಿಡಿಸಿ, ಕೆಲವೇ ಎಳೆ ಉಳಿಸಿಕೊಂಡರೆ ಸಪೂರ ಗೆರೆ ಬರುತ್ತದೆ. ಹಾಳೆಗೆ ಕೆಮ್ಮಣ್ಣನ್ನು ಎರಡು ಸಲ ತೆಳುವಾಗಿ ಬಳಿದು, ಪೂರ್ತಿ ಒಣಗಿದ ಬಳಿಕ ಬಿಳಿಯಲ್ಲಿ ಮೊದಲು ಅಂಚಿನ ಚೌಕಟ್ಟನ್ನೂ ಅನಂತರ ಒಳಗಿನ ಅಡ್ಡ, ಉದ್ದ, ಓರೆ ಗೆರೆಗಳನ್ನೂ ಎಳೆಯಿರಿ. ಚಿತ್ತಾರದ ಬಲವೆಲ್ಲ ಗೆರೆಗಳ ನಡುವಿನ ಸಮ ಅಂತರದಲ್ಲಿದೆ; ಹೂವು, ನವಿಲುಗಳನ್ನು ತುಂಬುವ ಆತುರ ಬೇಡ.

ಕಾರವಾರ, ಅಂಕೋಲೆಯ ಕಡೆ ಹಾಳೆಯ ಬದಲು ರಟ್ಟು ಬಳಸಬಹುದು. ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಬಿಳಿ ಗಾರೆಯ ಮೇಲಿನ ಕೆಂಪು ಪದರವನ್ನು ಕೆರೆದು ಚಿತ್ರ ಬಿಡಿಸುತ್ತಾರೆ. ಅದೇ ಉಪಾಯವನ್ನು ಅನುಸರಿಸಿ, ರಟ್ಟಿಗೆ ಬಿಳಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ಅದು ಅರೆ ಒಣಗಿರುವಾಗ ದಬ್ಬಣದಿಂದ ಹಗುರವಾಗಿ ಕೆರೆದರೆ ಬಿಳಿ ಗೆರೆ ಮೂಡುತ್ತದೆ.

ಮಳೆಗಾಲದಲ್ಲಿ ಹಾಳೆಗೂ ಅಕ್ಕಿ ಬಣ್ಣಕ್ಕೂ ಬೂಸ್ಟು ಬರುವುದರಿಂದ ಚಿತ್ರವನ್ನು ಗೋಡೆಗೆ ತಾಗಿಸದೆ, ಒಲೆಯ ಕಾವು ತಲುಪುವ ಕಡೆ ತೂಗುಹಾಕಿ. ಗೆರೆ ತಪ್ಪಿದಲ್ಲಿ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕೆಳಗಿನ ಕೆಂಪೂ ಎದ್ದು ಬರುತ್ತದೆ. ಒಣಗಲು ಬಿಟ್ಟು, ಅಷ್ಟು ಜಾಗಕ್ಕೆ ಕೆಮ್ಮಣ್ಣು ಹಚ್ಚಿ ಮತ್ತೆ ಬರೆಯಿರಿ.